ಇಬಿ-5 ಹೂಡಿಕೆದಾರರ ಗ್ರೀನ್ ಕಾರ್ಡ್: ಹುಟ್ಟಿದ ದೇಶದಿಂದ ಬರುವ ವಿಳಂಬದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಇಬಿ-5 ವೀಸಾ ಬಗ್ಗೆ ವಿಚಾರಿಸುವವರು ಮೊದಲು ಕೇಳುವುದು ದುಡ್ಡಿನ ಮಾತು. ಎಷ್ಟು ಹಾಕಬೇಕು, ವಾಪಸ್ ಬರುತ್ತಾ, ಯಾವ ಪ್ರಾಜೆಕ್ಟ್ ಒಳ್ಳೆಯದು. "ನಾನು ಹುಟ್ಟಿದ್ದು ಭಾರತದಲ್ಲಿ, ಅದರಿಂದ ಏನಾದರೂ ತೊಂದರೆ ಇದೆಯಾ?" ಅನ್ನುವ ಪ್ರಶ್ನೆ ಬರುವ ಹೊತ್ತಿಗೆ ಎಷ್ಟೋ ಸಲ ದುಡ್ಡು ಹೋಗಿಯಾಗಿರುತ್ತದೆ. ಈ ಪುಟ ಆ ಪ್ರಶ್ನೆಗೆ. ಕಟಾಫ್ ದಿನಾಂಕಗಳು, ಅಂದರೆ ಯಾವ ದಿನಕ್ಕಿಂತ ಮೊದಲು ಬಂದ ಅರ್ಜಿಗಳಿಗೆ ಸರದಿ ಬಂದಿದೆ ಅನ್ನುವ ಗಡಿ, ತಿಂಗಳು ತಿಂಗಳು ಬದಲಾಗುತ್ತವೆ, ಹಾಗಾಗಿ ಅವು ಯಾವ ಕಾಲದವು ಅನ್ನುವುದನ್ನು ಜೊತೆಯಲ್ಲೇ ಹೇಳಿದ್ದೇನೆ.

ಲಕ್ಷಾಂತರ ಡಾಲರ್ ಹಾಕುವವರಿಗೂ ಸರದಿ ಇದೆಯಾ?

ಇದೆ. ಇಬಿ-5 ಅನ್ನುವುದು 1990ರ ಕಾನೂನಿನಿಂದ ಬಂದ ದಾರಿ. ಹಳ್ಳಿಗಾಡಿನಲ್ಲೋ ನಿರುದ್ಯೋಗ ಜಾಸ್ತಿ ಇರುವ ಕಡೆಯೋ ಹೂಡಿದರೆ 8 ಲಕ್ಷ ಡಾಲರ್, ಬೇರೆ ಕಡೆ 10.5 ಲಕ್ಷ ಡಾಲರ್. ಕನಿಷ್ಠ 10 ಜನರಿಗೆ ಪೂರ್ಣಾವಧಿ ಕೆಲಸ ಹುಟ್ಟಬೇಕು. ಇಷ್ಟೆಲ್ಲ ಮಾಡಿದರೂ ನಿಮಗೆ ಸಿಗುವುದು ಅರ್ಜಿ ಹಾಕುವ ಅರ್ಹತೆ ಮಾತ್ರ. ಗ್ರೀನ್ ಕಾರ್ಡ್ ಸಿಗಬೇಕಾದರೆ ವೀಸಾ ನಂಬರ್ ಬೇಕು, ಆ ನಂಬರ್‌ಗಳು ವರ್ಷಕ್ಕೆ ಇಷ್ಟೇ ಅಂತ ನಿಗದಿಯಾಗಿವೆ. ಇಬಿ-5ಗೆ ವರ್ಷಕ್ಕೆ ಸುಮಾರು 10,000. ಮೂಲ ಅರ್ಜಿದಾರರ ಜೊತೆ ಗಂಡ ಅಥವಾ ಹೆಂಡತಿ, ಮಕ್ಕಳು ಎಲ್ಲರೂ ಈ ಲೆಕ್ಕದಲ್ಲೇ ಸೇರುತ್ತಾರೆ. ನಾಲ್ಕು ಜನರ ಸಂಸಾರ ಅಂದರೆ ನಾಲ್ಕು ನಂಬರ್ ಖರ್ಚು.

ಈ 7 ಪರ್ಸೆಂಟ್ ಲೆಕ್ಕ ಏನು?

ಒಂದು ದೇಶದಲ್ಲಿ ಹುಟ್ಟಿದವರಿಗೆ ಒಟ್ಟು ನಂಬರ್‌ಗಳಲ್ಲಿ 7 ಪರ್ಸೆಂಟ್‌ಗಿಂತ ಹೆಚ್ಚು ಕೊಡಬಾರದು ಅಂತ ಅಮೆರಿಕದ ಕಾನೂನು ಹೇಳುತ್ತದೆ. ಭಾರತಕ್ಕೂ 7, ಐಸ್‌ಲ್ಯಾಂಡ್‌ಗೂ 7. ದೇಶ ಎಷ್ಟು ದೊಡ್ಡದು ಅಂತ ಯಾರೂ ನೋಡುವುದಿಲ್ಲ. ಇಬಿ-5ರಲ್ಲಿ ಇದು ಒಂದು ದೇಶಕ್ಕೆ ವರ್ಷಕ್ಕೆ ಸುಮಾರು 700 ನಂಬರ್ ಆಗುತ್ತದೆ. ನಾಲ್ಕು ಜನರ ಕುಟುಂಬದ ಲೆಕ್ಕ ಹಿಡಿದರೆ ಕೇವಲ 175 ಕುಟುಂಬ. ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಮುಂಬೈ ಇಷ್ಟೂ ಊರಿನವರು ಸೇರಿ ಈ 175ರೊಳಗೆ.

ಹಾಗಂತ 700ಕ್ಕೆ ನಿಂತೇ ಬಿಡುತ್ತದೆ ಅಂತಲ್ಲ. ಬೇರೆ ದೇಶದವರು ಬಳಸದೆ ಉಳಿದ ನಂಬರ್‌ಗಳು, ಯಾರ ಅರ್ಜಿ ಹಳೆಯದೋ ಅವರಿಗೆ ಹೋಗುತ್ತವೆ. ಇಲ್ಲೇ ನಮಗೆ ಪೆಟ್ಟು. ಚೀನಾದಲ್ಲಿ ಹುಟ್ಟಿದವರ ಅರ್ಜಿಗಳು ನಮ್ಮವಕ್ಕಿಂತ ಎಷ್ಟೋ ಹಳೆಯವು. 2014ರ ಆಸುಪಾಸಿನಲ್ಲಿ ಇಬಿ-5 ವೀಸಾ ಪಡೆದ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಜನ ಚೀನಾದವರು. ಅವರಿಗೆ 2015ರ ಮೇನಲ್ಲಿ ಕಟಾಫ್ ಬಂತು, ವಿಯೆಟ್ನಾಂಗೆ 2018ರಲ್ಲಿ, ಭಾರತಕ್ಕೆ 2019ರ ಜುಲೈನಲ್ಲಿ. ಉಳಿಕೆ ನಂಬರ್ ಅನ್ನುವುದು ಮೊದಲು ಆ ಹಳೆಯ ಸಾಲಿನ ಕಡೆಗೇ ಹರಿಯುತ್ತದೆ.

ನೋಡುವುದು ಹುಟ್ಟಿದ ದೇಶವನ್ನಾ, ಪಾಸ್‌ಪೋರ್ಟನ್ನಾ?

7 ಪರ್ಸೆಂಟ್ ಮಿತಿಗೆ ಹುಟ್ಟಿದ ದೇಶ. ನೀವು ಮೈಸೂರಿನಲ್ಲಿ ಹುಟ್ಟಿ, ಹದಿನೈದು ವರ್ಷದಿಂದ ಟೊರೊಂಟೊದಲ್ಲಿದ್ದು, ಕೆನಡಾ ಪಾಸ್‌ಪೋರ್ಟ್ ಹಿಡಿದು ಅರ್ಜಿ ಹಾಕಿದರೂ ನಿಂತುಕೊಳ್ಳುವುದು ಭಾರತದ ಸಾಲಿನಲ್ಲೇ. ಪೌರತ್ವ ಬದಲಾಯಿಸಬಹುದು, ಜನನ ಪ್ರಮಾಣಪತ್ರ ಬದಲಾಗುವುದಿಲ್ಲ ಅಲ್ವಾ.

ಇದರ ಇನ್ನೊಂದು ಮುಖ ಕರಾವಳಿಯವರಿಗೆ ಗೊತ್ತಿರಬೇಕು. ಅಪ್ಪ ಕುವೈತ್‌ನಲ್ಲೋ ಮಸ್ಕತ್‌ನಲ್ಲೋ ಕೆಲಸದಲ್ಲಿದ್ದಾಗ ಅಲ್ಲೇ ಹುಟ್ಟಿ, ಆಮೇಲೆ ಮಂಗಳೂರು, ಉಡುಪಿಯಲ್ಲಿ ಓದಿದವರು ಬೇಕಾದಷ್ಟು ಜನ ಇದ್ದಾರೆ. ಪಾಸ್‌ಪೋರ್ಟ್ ಭಾರತದ್ದೇ ಆದರೂ ಈ ಲೆಕ್ಕದಲ್ಲಿ ಅವರು ಕುವೈತ್ ಅಥವಾ ಒಮಾನ್ ಸಾಲಿನವರು. ಅಲ್ಲಿ ಸರದಿಯೇ ಇಲ್ಲ. ಹಾಗೆ ಹುಟ್ಟಿದವರಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ.

ನಾನು ಹುಟ್ಟಿದ್ದು ಭಾರತದಲ್ಲಿ, ನನ್ನ ಹೆಂಡತಿ ದುಬೈನಲ್ಲಿ. ಪ್ರಯೋಜನ ಇದೆಯಾ?

ಇದೆ, ದೊಡ್ಡದು. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಹುಟ್ಟಿದ ದೇಶದ ಲೆಕ್ಕಕ್ಕೆ ಇನ್ನೊಬ್ಬರೂ ಸೇರಿಕೊಳ್ಳಬಹುದು. ಹೂಡಿಕೆ ನಿಮ್ಮ ಹೆಸರಲ್ಲೇ ಇದ್ದರೂ ಸರಿ, ಇಡೀ ಕುಟುಂಬ ಯುಎಇ ಸಾಲಿಗೆ ಬರುತ್ತದೆ. ಇಬ್ಬರೂ ಒಟ್ಟಿಗೇ ಗ್ರೀನ್ ಕಾರ್ಡ್‌ಗೆ ಹೋಗಬೇಕು, ಅಷ್ಟೇ.

ಮಕ್ಕಳ ವಿಷಯದಲ್ಲಿ ಮಾತ್ರ ಇದು ಒಂದೇ ದಿಕ್ಕಿನದು. ಅಪ್ಪ ಅಮ್ಮನ ದೇಶ ಮಕ್ಕಳಿಗೆ ಅನ್ವಯಿಸುತ್ತದೆ. ಮಗು ಸಿಂಗಪುರದಲ್ಲಿ ಹುಟ್ಟಿದೆ ಅಂತ ಅಪ್ಪ ಅಮ್ಮ ಸಿಂಗಪುರದ ಸಾಲಿಗೆ ಹೋಗುವ ಹಾಗಿಲ್ಲ.

ವೀಸಾ ಬುಲೆಟಿನ್ ಓದುವುದು ಹೇಗೆ?

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಮುಂದಿನ ತಿಂಗಳದ್ದನ್ನು ಪ್ರಕಟಿಸುತ್ತದೆ. ಉದ್ಯೋಗ ಆಧಾರಿತ ಕೋಷ್ಟಕದ ಕೊನೆಯ ಕಡೆ ಇಬಿ-5ರ ನಾಲ್ಕು ಸಾಲು ಇರುತ್ತವೆ: ಅನ್‌ರಿಸರ್ವ್ಡ್ (ಮೀಸಲಿಲ್ಲದ್ದು), ರೂರಲ್ (ಹಳ್ಳಿಗಾಡು), ಹೈ ಅನ್‌ಎಂಪ್ಲಾಯ್‌ಮೆಂಟ್ (ನಿರುದ್ಯೋಗ ಹೆಚ್ಚಿರುವ ಕಡೆ), ಇನ್‌ಫ್ರಾಸ್ಟ್ರಕ್ಚರ್ (ಸರ್ಕಾರಿ ಮೂಲಸೌಕರ್ಯ). ಅಡ್ಡಕ್ಕೆ ದೇಶಗಳು. ಚೌಕದಲ್ಲಿ "ಸಿ" ಅಂತಿದ್ದರೆ ಸರದಿ ಇಲ್ಲ ಅಂತ ಅರ್ಥ. ದಿನಾಂಕ ಇದ್ದರೆ, ನಿಮ್ಮ ಪ್ರಯಾರಿಟಿ ಡೇಟ್ ಅದಕ್ಕಿಂತ ಹಿಂದಿನದಾಗಿರಬೇಕು. ಪ್ರಯಾರಿಟಿ ಡೇಟ್ ಅಂದರೆ ನಿಮ್ಮ ಐ-526ಇ ಅರ್ಜಿ (ಇಬಿ-5 ಹೂಡಿಕೆದಾರರು ಹಾಕುವ ಮೊದಲ ಅರ್ಜಿ) ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ ಕೈಸೇರಿದ ದಿನ. ದುಡ್ಡು ಕಳಿಸಿದ ದಿನ ಅಲ್ಲ.

ಒಂದು ಉದಾಹರಣೆ. 2025ರ ಮೇ ಬುಲೆಟಿನ್‌ನಲ್ಲಿ ಅನ್‌ರಿಸರ್ವ್ಡ್ ಸಾಲಿನಲ್ಲಿ ಭಾರತಕ್ಕೆ 2019ರ ಮೇ 1, ಚೀನಾಕ್ಕೆ 2014ರ ಜನವರಿ 22. ಅದೇ ಸಾಲಿನಲ್ಲಿ ಬೇರೆ ದೇಶಗಳಿಗೆಲ್ಲ "ಸಿ". ಗಮನಿಸಿ, ಆ ವರ್ಷದ ಜನವರಿಯಲ್ಲಿ ಭಾರತದ ದಿನಾಂಕ 2022ರ ಜನವರಿ 1 ಇತ್ತು. ನಾಲ್ಕೇ ತಿಂಗಳಲ್ಲಿ ಎರಡೂವರೆ ವರ್ಷಕ್ಕಿಂತ ಹೆಚ್ಚು ಹಿಂದಕ್ಕೆ ಜಾರಿತು. ಇದನ್ನೇ ರಿಟ್ರೊಗ್ರೆಷನ್ ಅನ್ನುವುದು. ದಿನಾಂಕ ಯಾವಾಗಲೂ ಮುಂದಕ್ಕೇ ಹೋಗುತ್ತದೆ ಅಂತ ನಂಬಿ ಮನೆ ಮಾರಲು ಹೊರಡಬೇಡಿ.

ನನ್ನ ಅರ್ಜಿ ತಡ ಆಗುತ್ತಿದೆ. ಅದು ಭಾರತದವನು ಅಂತಲೇನಾ?

ಇರಬಹುದು, ಇಲ್ಲದಿರಲೂಬಹುದು. ಇಲ್ಲಿ ಎರಡು ಸರದಿಗಳಿವೆ, ಅವುಗಳನ್ನು ಕಲಸಿಕೊಂಡರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ಮೊದಲನೆಯದು ಫೈಲ್‌ನ ಸರದಿ. ಯುಎಸ್‌ಸಿಐಎಸ್‌ ಅಧಿಕಾರಿ ನಿಮ್ಮ ಐ-526ಇ ತೆಗೆದು, ದುಡ್ಡಿನ ಮೂಲ ನೋಡಿ, ಮಂಜೂರು ಮಾಡುವುದು. ಎರಡನೆಯದು ನಂಬರ್‌ನ ಸರದಿ. ಫೈಲ್ ಮಂಜೂರಾದ ಮೇಲೂ ನಿಮ್ಮ ದೇಶಕ್ಕೆ ನಂಬರ್ ಇಲ್ಲದಿದ್ದರೆ ಕಾಯಬೇಕು. ದೇಶದ ಮಿತಿ ಅನ್ವಯಿಸುವುದು ಈ ಎರಡನೆಯದಕ್ಕೆ.

ಆದರೆ ಎರಡನೆಯದು ಮೊದಲನೆಯದರೊಳಗೂ ಕೈ ಹಾಕುತ್ತದೆ. 2020ರ ಮಾರ್ಚ್ 31ರಿಂದ ಯುಎಸ್‌ಸಿಐಎಸ್‌ ಹಳೆಯ ಐ-526 ಅರ್ಜಿಗಳಲ್ಲಿ (ಐ-526ಇ ಬರುವ ಮೊದಲಿನವು) "ಮೊದಲು ಬಂದವರಿಗೆ ಮೊದಲು" ಪದ್ಧತಿ ಬಿಟ್ಟಿತು. ಯಾರ ದೇಶಕ್ಕೆ ನಂಬರ್ ಲಭ್ಯ ಇದೆಯೋ ಅವರ ಫೈಲ್ ಮೊದಲು ತೆಗೆಯುತ್ತದೆ. ಅಂದರೆ ಒಂದೇ ದಿನ, ಒಂದೇ ಪ್ರಾಜೆಕ್ಟ್‌ಗೆ ಹಾಕಿದ ಇಬ್ಬರಲ್ಲಿ ಕೊರಿಯಾದವರ ಫೈಲ್ ಮೇಲೆ ಬರುತ್ತದೆ, ಚೀನಾದವರದ್ದು ಕೆಳಗೆ ಉಳಿಯುತ್ತದೆ.

ಯಾರಾದರೂ ಏಜೆಂಟ್ "ಎಂಟು ತಿಂಗಳಲ್ಲಿ ಆಗಿಬಿಡುತ್ತೆ ಸಾರ್" ಅಂದರೆ, ಯಾವ ಸರದಿ ಎಂಟು ತಿಂಗಳು ಅಂತ ಕೇಳಿ. ಸಾಮಾನ್ಯವಾಗಿ ಅವರು ಹೇಳುತ್ತಿರುವುದು ಫೈಲ್‌ನದ್ದು.

ರೂರಲ್ ಪ್ರಾಜೆಕ್ಟ್‌ಗೆ ಹಾಕಿದರೆ ಸರದಿ ಇಲ್ಲ ಅಂತಾರಲ್ಲ, ನಿಜಾನಾ?

2025ರವರೆಗಂತೂ ನಿಜ. 2022ರ ಮಾರ್ಚ್ 15ರಂದು ಬಂದ ಇಬಿ-5 ಸುಧಾರಣಾ ಕಾನೂನು ನಂಬರ್‌ಗಳನ್ನು ಭಾಗ ಮಾಡಿತು. ರೂರಲ್‌ಗೆ 20 ಪರ್ಸೆಂಟ್, ನಿರುದ್ಯೋಗ ಹೆಚ್ಚಿರುವ ಪ್ರದೇಶಕ್ಕೆ 10, ಸರ್ಕಾರಿ ಮೂಲಸೌಕರ್ಯಕ್ಕೆ 2. ಉಳಿದ 68 ಅನ್‌ರಿಸರ್ವ್ಡ್. ಈ ಮೀಸಲು ಸಾಲುಗಳಲ್ಲಿ 2025ರ ಉದ್ದಕ್ಕೂ ಭಾರತ, ಚೀನಾ ಎರಡಕ್ಕೂ "ಸಿ" ಇತ್ತು. ರೂರಲ್ ಅರ್ಜಿಗಳನ್ನು ಆದ್ಯತೆಯ ಮೇಲೆ ನೋಡಬೇಕು ಅಂತಲೂ ಕಾನೂನೇ ಹೇಳಿದೆ.

ಈಗ ಲೆಕ್ಕ ಹಾಕಿ. 10,000ದಲ್ಲಿ 20 ಪರ್ಸೆಂಟ್ ಅಂದರೆ 2,000. ಅದರಲ್ಲಿ ಒಂದು ದೇಶಕ್ಕೆ 7 ಪರ್ಸೆಂಟ್ ಅಂದರೆ 140 ನಂಬರ್. ಕುಟುಂಬಕ್ಕೆ ನಾಲ್ಕರಂತೆ 35 ಕುಟುಂಬ! ಮೀಸಲಿನಲ್ಲೂ ದೇಶದ ಮಿತಿ ಇದ್ದೇ ಇದೆ. ಅದು 2025ರಲ್ಲಿ ಚುಚ್ಚಲಿಲ್ಲ, ಏಕೆಂದರೆ ಹಿಂದಿನ ವರ್ಷದ ಬಳಕೆಯಾಗದ ನಂಬರ್ ಒಂದು ವರ್ಷ ಅದೇ ವರ್ಗಕ್ಕೆ ಸೇರುತ್ತದೆ, ಬೇರೆ ದೇಶದವರ ಉಳಿಕೆಯೂ ಸಿಗುತ್ತದೆ. ಭಾರತ ಮತ್ತು ಚೀನಾದ ಅರ್ಜಿಗಳು ಈಗಿನ ಹಾಗೆ ಬರುತ್ತಲೇ ಇದ್ದರೆ ಇಲ್ಲೂ ಕಟಾಫ್ ಬಂದೇ ಬರುತ್ತದೆ ಅಂತ ನನ್ನ ಅಭಿಪ್ರಾಯ. ರೂರಲ್ ದಾರಿ ಕೆಟ್ಟದ್ದಲ್ಲ. ಅದನ್ನು "ಸರದಿಯೇ ಇಲ್ಲದ ದಾರಿ" ಅಂತ ಮಾರುವುದು ತಪ್ಪು.

ನಾನು ಎಚ್-1ಬಿ ಉದ್ಯೋಗ ವೀಸಾ ಮೇಲೆ ಅಮೆರಿಕದಲ್ಲೇ ಇದ್ದೇನೆ. ನನಗೆ ಬೇರೆ ಲೆಕ್ಕನಾ?

ಹೌದು, ನಿಮಗೆ ಅನುಕೂಲ ಜಾಸ್ತಿ. ನಂಬರ್ ಲಭ್ಯ ಇರುವಾಗ ಐ-526ಇ ಜೊತೆಗೇ ಗ್ರೀನ್ ಕಾರ್ಡ್‌ನ ಐ-485 ಅರ್ಜಿಯನ್ನೂ ಹಾಕಬಹುದು. 2022ರ ಕಾನೂನು ಕೊಟ್ಟ ಅವಕಾಶ ಇದು. ಹಾಕಿದ ಮೇಲೆ ಕೆಲಸದ ಪರವಾನಗಿ, ಪ್ರಯಾಣದ ಪರವಾನಗಿ ಕೇಳಬಹುದು. ಆಮೇಲೆ ಕಟಾಫ್ ಬಂದರೂ ಐ-485 ಬಾಕಿ ಉಳಿಯುತ್ತದೆಯೇ ಹೊರತು ತಿರಸ್ಕಾರ ಆಗುವುದಿಲ್ಲ. ಕೆಲಸ ಹೋದರೆ ಅರವತ್ತು ದಿನದೊಳಗೆ ಬೇರೆ ಕೆಲಸ ಹುಡುಕುವ ಗಡಿಬಿಡಿ ಇರುವುದಿಲ್ಲ. ಎಷ್ಟೋ ಜನ ಟೆಕ್ ಉದ್ಯೋಗಿಗಳು ಇಬಿ-5 ಕಡೆ ನೋಡುವುದು ಇದಕ್ಕಾಗಿಯೇ, ಗ್ರೀನ್ ಕಾರ್ಡ್ ನಾಳೆಯೇ ಬರುತ್ತದೆ ಅಂತಲ್ಲ.

ಬೆಂಗಳೂರಿನಲ್ಲೇ ಕೂತು ಅರ್ಜಿ ಹಾಕುವವರಿಗೆ ಈ ನೆರಳಿಲ್ಲ. ಫೈಲ್ ಮಂಜೂರಾಗಿ, ನಂಬರ್ ಬಂದು, ಮುಂಬೈ ಕಾನ್ಸುಲೇಟ್‌ನಲ್ಲಿ ಸಂದರ್ಶನ ಆಗುವವರೆಗೂ ಇಲ್ಲೇ ಕಾಯಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ವೀಸಾ ಸೇವೆಯೊಂದಿಗೆ ಅದು ಶುರುವಾಗಲಿಲ್ಲ.

ನನ್ನ ಇಬಿ-2 ಪ್ರಯಾರಿಟಿ ಡೇಟ್ 2014ರದ್ದು. ಅದನ್ನು ಇಬಿ-5ಗೆ ತರಬಹುದಾ?

ಆಗುವುದಿಲ್ಲ. ಕೆಲಸ, ಅರ್ಹತೆಯ ಮೇಲೆ ಸಿಗುವ ಇಬಿ-1, 2, 3 ಗ್ರೀನ್ ಕಾರ್ಡ್ ವರ್ಗಗಳ ನಡುವೆ ದಿನಾಂಕ ಸಾಗಿಸಬಹುದು, ಇಬಿ-5ಗೆ ಹೊಸದಾಗಿಯೇ ನಿಲ್ಲಬೇಕು. ಹಳೆಯ ಇಬಿ-2 ಅರ್ಜಿ ಹಾಗೇ ಇರಲಿ, ಬಿಡಬೇಡಿ. ಎರಡೂ ಒಟ್ಟಿಗೆ ನಡೆಯಬಹುದು.

ಮಗಳಿಗೆ 20 ವರ್ಷ. ಸರದಿಯಲ್ಲಿ 21 ದಾಟಿದರೆ?

ತಂದೆ ತಾಯಿಯರು ಎಲ್ಲಕ್ಕಿಂತ ಗಂಭೀರವಾಗಿ ನೋಡಬೇಕಾದ ವಿಷಯ ಇದು. 21 ತುಂಬಿದರೆ ಮಗಳು ನಿಮ್ಮ ಅರ್ಜಿಯಿಂದ ಹೊರಗೆ. ಆದರೆ ಸಿಎಸ್‌ಪಿಎ ಅನ್ನುವ, ಮಕ್ಕಳ ವಯಸ್ಸು ಕಾಯುವ ಕಾನೂನು ಸ್ವಲ್ಪ ರಕ್ಷಣೆ ಕೊಡುತ್ತದೆ: ನಂಬರ್ ಸಿಕ್ಕ ದಿನದ ವಯಸ್ಸಿನಿಂದ, ಐ-526ಇ ಯುಎಸ್‌ಸಿಐಎಸ್‌ನಲ್ಲಿ ಬಾಕಿ ಇದ್ದ ಅವಧಿಯನ್ನು ಕಳೆಯುತ್ತಾರೆ.

ಇದರಲ್ಲಿ ಒಂದು ತಮಾಷೆ ಇದೆ, ನಗು ಬರುವಂಥದ್ದಲ್ಲ. ಮಗಳಿಗೆ 20 ಇರುವಾಗ ಅರ್ಜಿ ಹಾಕಿದಿರಿ. ಫೈಲ್ ಎರಡು ವರ್ಷ ಕೂತು ಮಂಜೂರಾಯಿತು, ಆರು ತಿಂಗಳ ನಂತರ ನಂಬರ್ ಬಂತು. ವಯಸ್ಸು ಇಪ್ಪತ್ತೆರಡೂವರೆ, ಅದರಲ್ಲಿ ಎರಡು ಕಳೆದರೆ ಇಪ್ಪತ್ತೂವರೆ. ಬಚಾವ್. ಅದೇ ಫೈಲ್ ಆರು ತಿಂಗಳಲ್ಲಿ ಮಂಜೂರಾಗಿ, ನಂಬರ್‌ಗಾಗಿ ಎರಡು ವರ್ಷ ಕಾಯಬೇಕಾಯಿತು ಅಂದುಕೊಳ್ಳಿ. ಇಪ್ಪತ್ತೆರಡೂವರೆಯಲ್ಲಿ ಅರ್ಧ ವರ್ಷ ಕಳೆದರೆ 22. ಹೊರಗೆ. ಒಟ್ಟು ಕಾದಿದ್ದು ಎರಡೂ ಕಡೆ ಎರಡೂವರೆ ವರ್ಷವೇ. ಫೈಲ್‌ನ ವಿಳಂಬ ವಯಸ್ಸನ್ನು ಕಾಯುತ್ತದೆ, ನಂಬರ್‌ನ ವಿಳಂಬ ಕಾಯುವುದಿಲ್ಲ.

ಆದ್ದರಿಂದ "ಸಿ" ಇರುವ ಸಾಲಿನಲ್ಲಿ ಹಾಕಿ, "ಸಿ" ಇರುವಾಗಲೇ ಮಂಜೂರಾದರೆ ವಯಸ್ಸು ಹೆಚ್ಚು ಕಡಿಮೆ ಅರ್ಜಿ ಹಾಕಿದ ದಿನಕ್ಕೇ ನಿಲ್ಲುತ್ತದೆ. ಅದಾದ ಮೇಲೆ ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಡಬೇಕು, ಅದನ್ನು ಮರೆತರೆ ರಕ್ಷಣೆಯೂ ಹೋಗುತ್ತದೆ. ಕೆಲವರು ಮಗ ಅಥವಾ ಮಗಳ ಹೆಸರಿನಲ್ಲೇ ಹೂಡಿಕೆ ಮಾಡಿಸುತ್ತಾರೆ, ದುಡ್ಡನ್ನು ಉಡುಗೊರೆ ಪತ್ರದ ಮೂಲಕ ಕೊಟ್ಟು. ಗ್ರೀನ್ ಕಾರ್ಡ್ ಮಕ್ಕಳಿಗಷ್ಟೇ ಸಾಕು ಅನ್ನುವವರಿಗೆ ಅದು ಒಳ್ಳೆಯ ದಾರಿ.

ಸರದಿ ಉದ್ದವಾದಷ್ಟೂ ದುಡ್ಡು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾ?

2022ಕ್ಕಿಂತ ಮೊದಲು ಹಾಕಿದವರಿಗೆ ಆಗಿದ್ದು ಅದೇ. ಮೊದಲು ಸಿಗುವ ಷರತ್ತಿನ ಗ್ರೀನ್ ಕಾರ್ಡ್‌ನ ಎರಡು ವರ್ಷ ಮುಗಿಯುವವರೆಗೂ ಹೂಡಿಕೆ ಇರಬೇಕಿತ್ತು, ಆ ಎರಡು ವರ್ಷ ಶುರುವಾಗುವುದೇ ನಂಬರ್ ಬಂದ ಮೇಲೆ. ಚೀನಾದ ಎಷ್ಟೋ ಕುಟುಂಬಗಳ ದುಡ್ಡು ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದಕ್ಕೆ ಹೋಯಿತು. ಹೊಸ ಕಾನೂನಿನಡಿ ಹೂಡಿಕೆ ಕನಿಷ್ಠ ಎರಡು ವರ್ಷ ಇದ್ದರೆ ಸಾಕು, ಸರದಿಗೂ ಅದಕ್ಕೂ ನಂಟಿಲ್ಲ ಅಂತ ಯುಎಸ್‌ಸಿಐಎಸ್‌ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಆದರೆ ನಿಮ್ಮ ಒಪ್ಪಂದದಲ್ಲಿ, ಪ್ರಾಜೆಕ್ಟ್‌ಗೆ ನಿಮ್ಮ ದುಡ್ಡನ್ನು ಸಾಲ ಕೊಡುವ ಅವಧಿ ಐದು ವರ್ಷ ಅಂತಿದ್ದರೆ ಐದು ವರ್ಷವೇ. ಒಪ್ಪಂದ ಓದಿ.

ಭಾರತದ ಕಡೆಯಿಂದಲೂ ಅಡೆತಡೆ ಇದೆಯಾ?

ಇದೆ. ಹೊರದೇಶಕ್ಕೆ ದುಡ್ಡು ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್‌ ಯೋಜನೆ ಪ್ರಕಾರ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಬಹುದಾದದ್ದು 2.5 ಲಕ್ಷ ಡಾಲರ್. 8 ಲಕ್ಷಕ್ಕೆ ಒಬ್ಬರ ಮಿತಿ ಸಾಲುವುದಿಲ್ಲ. ಹಾಗಾಗಿ ಗಂಡ ಹೆಂಡತಿ ಮಾರ್ಚ್ ಕೊನೆಯಲ್ಲಿ ತಲಾ 2.5 ಲಕ್ಷ, ಏಪ್ರಿಲ್ ಮೊದಲ ವಾರದಲ್ಲಿ ಉಳಿದದ್ದು ಕಳಿಸುವುದು ವಾಡಿಕೆ. ಹೂಡಿಕೆಗೆ ಕಳಿಸುವಾಗ 10 ಲಕ್ಷ ರೂಪಾಯಿ ಮೇಲಿನ ಮೊತ್ತಕ್ಕೆ 20 ಪರ್ಸೆಂಟ್ ಟಿಸಿಎಸ್ (ಬ್ಯಾಂಕ್ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ಡಾಲರ್‌ಗೆ 85 ರೂಪಾಯಿ ಅಂತ ಇಟ್ಟುಕೊಂಡರೆ 2.5 ಲಕ್ಷ ಡಾಲರ್‌ಗೆ ಸುಮಾರು 40 ಲಕ್ಷ. ಅದು ತೆರಿಗೆಯಲ್ಲಿ ಹೊಂದಾಣಿಕೆ ಆಗುತ್ತದೆ, ಆದರೆ ಕಳಿಸುವ ದಿನ ಕೈಯಲ್ಲಿರಬೇಕು. ಎಲ್‌ಆರ್‌ಎಸ್‌ ಹೂಡಿಕೆಗೆ ಅಂತ ಇಲ್ಲಿನ ಬ್ಯಾಂಕ್ ಸಾಲ ಕೊಡುವ ಹಾಗಿಲ್ಲ.

ಇದಕ್ಕಿಂತ ದೊಡ್ಡ ತಲೆನೋವು ದುಡ್ಡಿನ ಮೂಲ. ಸೈಟ್ ಮಾರಿದ ದುಡ್ಡು ಅನ್ನಿ. ಕ್ರಯಪತ್ರದಲ್ಲಿ ಗೈಡೆನ್ಸ್ ವ್ಯಾಲ್ಯೂಗೆ ಹೊಂದುವಷ್ಟು ಮಾತ್ರ ಬರೆದು, ಉಳಿದದ್ದನ್ನು ಕ್ಯಾಶ್‌ನಲ್ಲಿ ತೆಗೆದುಕೊಂಡಿದ್ದರೆ, ಆ ಕ್ಯಾಶ್ ಭಾಗ ಇಬಿ-5ಗೆ ಸತ್ತಂತೆ. ಅಜ್ಜನ ಜಮೀನಾದರೆ ಪಹಣಿ, ಇಸಿ, ವಿಭಾಗಪತ್ರ, ಎಲ್ಲದರ ಇಂಗ್ಲಿಷ್ ಅನುವಾದ ಬೇಕು. ಪಹಣಿಯಲ್ಲಿ ಹೆಸರು "ಕೆಂಪೇಗೌಡ ಬಿನ್ ತಿಮ್ಮೇಗೌಡ", ಪಾಸ್‌ಪೋರ್ಟ್‌ನಲ್ಲಿ ಬೇರೆ ಕ್ರಮ, ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ. ಮೂವರೂ ಒಬ್ಬರೇ ಅಂತ ಅಫಿಡವಿಟ್. ಇದು ತಾರತಮ್ಯ ಅಲ್ಲ, ಆದರೆ ಹೆಚ್ಚಿನ ದಾಖಲೆ ಕೇಳಿ ಪತ್ರ ಬಂದರೆ ತಿಂಗಳುಗಳು ಹೋಗುತ್ತವೆ.

ಗ್ರೆನಡಾ ಪೌರತ್ವ ತಗೊಂಡು ಇ-2 ವೀಸಾಗೆ ಹೋಗಬಹುದು ಅಂತಾರೆ?

ಇ-2 ಹೂಡಿಕೆದಾರರ ವೀಸಾ ಅಮೆರಿಕದ ಜೊತೆ ಒಪ್ಪಂದ ಇರುವ ದೇಶಗಳ ಪ್ರಜೆಗಳಿಗೆ ಮಾತ್ರ. ಪಾಕಿಸ್ತಾನಕ್ಕಿದೆ, ಭಾರತಕ್ಕಿಲ್ಲ. ಇಲ್ಲಿ ಹುಟ್ಟಿದ ಊರು ಲೆಕ್ಕಕ್ಕಿಲ್ಲ, ಪಾಸ್‌ಪೋರ್ಟೇ ಮುಖ್ಯ. ಹಾಗಾಗಿ ಒಪ್ಪಂದವೂ ಇರುವ, ದುಡ್ಡಿಗೆ ಪೌರತ್ವವೂ ಕೊಡುವ ಗ್ರೆನಡಾ, ಟರ್ಕಿ ದಾರಿ ಹುಟ್ಟಿಕೊಂಡಿತು. 2022ರ ಡಿಸೆಂಬರ್‌ನಲ್ಲಿ ಅಮೆರಿಕ ಅದಕ್ಕೂ ಬೀಗ ಹಾಕಿತು: ದುಡ್ಡು ಕೊಟ್ಟು ಪೌರತ್ವ ಪಡೆದವರು ಆ ದೇಶದಲ್ಲಿ ಮೂರು ವರ್ಷ ನೆಲೆಸಿರಬೇಕು. ಜೊತೆಗೆ ಭಾರತದಲ್ಲಿ ಎರಡು ಪೌರತ್ವ ಇಲ್ಲ, ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕು. ಇ-2ನಿಂದ ನೇರವಾಗಿ ಗ್ರೀನ್ ಕಾರ್ಡೂ ಬರುವುದಿಲ್ಲ. ನನಗಂತೂ ಇದು ಸುಮ್ನೆ ಸುತ್ತುದಾರಿ ಅನ್ನಿಸುತ್ತದೆ.

ಪ್ರಯಾಣ ನಿಷೇಧದಿಂದ ಇಬಿ-5ಗೆ ತೊಂದರೆ ಆಗುತ್ತಾ?

ಪಟ್ಟಿಯಲ್ಲಿರುವ ದೇಶದವರಿಗೆ ಆಗುತ್ತದೆ. 2025ರ ಜೂನ್ 9ರಿಂದ ಜಾರಿಗೆ ಬಂದ ಅಮೆರಿಕ ಅಧ್ಯಕ್ಷರ ಘೋಷಣೆಯಲ್ಲಿ ಇರಾನ್, ಅಫ್ಘಾನಿಸ್ತಾನ, ಮ್ಯಾನ್ಮಾರ್ ಸೇರಿ 12 ದೇಶಗಳಿಗೆ ಪೂರ್ತಿ ನಿಷೇಧ, 7 ದೇಶಗಳಿಗೆ ಭಾಗಶಃ. ಡಿಸೆಂಬರ್‌ನಲ್ಲಿ ಪಟ್ಟಿ ಇನ್ನೂ ಬೆಳೆಯಿತು. ಹೂಡಿಕೆ ಮಾಡಿದ್ದಾರೆ ಅಂತ ವಿನಾಯಿತಿ ಇಲ್ಲ. ಭಾರತ ಜೂನ್‌ನ ಪಟ್ಟಿಯಲ್ಲೂ ಇರಲಿಲ್ಲ, ಡಿಸೆಂಬರ್‌ನದ್ದರಲ್ಲೂ ಇರಲಿಲ್ಲ. ಇರಾನಿನ ಹೂಡಿಕೆದಾರರಿಗೆ ಆರ್ಥಿಕ ದಿಗ್ಬಂಧನದ ಪರವಾನಗಿ ತಾಪತ್ರಯ ಬೇರೆ.

ಟ್ರಂಪ್ ಗೋಲ್ಡ್ ಕಾರ್ಡ್ ತಗೊಂಡರೆ ಸರದಿ ತಪ್ಪುತ್ತಾ?

ಹೆಸರು ಕೇಳಿದರೆ ಹಾಗನ್ನಿಸುತ್ತದೆ. 2025ರ ಸೆಪ್ಟೆಂಬರ್‌ನ ಆದೇಶದಂತೆ 10 ಲಕ್ಷ ಡಾಲರ್ ದೇಣಿಗೆ ಕೊಡಬೇಕು, ಅದು ವಾಪಸ್ ಬರುವುದಿಲ್ಲ. ಕೊಡುವ ವೀಸಾ ಮಾತ್ರ ಈಗಾಗಲೇ ಇರುವ ಇಬಿ-1, ಇಬಿ-2 ವರ್ಗದ್ದೇ. ಆ ಎರಡರಲ್ಲೂ ಭಾರತದಲ್ಲಿ ಹುಟ್ಟಿದವರಿಗೆ ವರ್ಷಗಟ್ಟಲೆ ಸರದಿ ಇದೆ. ಸಂಸತ್ತು ಹಾಕಿದ ದೇಶದ ಮಿತಿಯನ್ನು ಅಧ್ಯಕ್ಷರ ಆದೇಶ ತೆಗೆಯಲಾರದು.

ಬೇರೆ ದೇಶಗಳಲ್ಲೂ ಹೀಗೇನಾ?

ಹುಟ್ಟಿದ ದೇಶದ ಕೋಟಾ ಅಮೆರಿಕದ ವಿಶೇಷ. ಬೇರೆ ಕಡೆ ಪೌರತ್ವ ನೋಡಿ ಬಾಗಿಲು ಹಾಕುತ್ತಾರೆ. ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರಲ್ಲಿ ಪೋರ್ಚುಗಲ್ ರಷ್ಯನ್ನರ ಗೋಲ್ಡನ್ ವೀಸಾ ಅರ್ಜಿ ನಿಲ್ಲಿಸಿತು, ಮಾಲ್ಟಾ ರಷ್ಯಾ ಮತ್ತು ಬೆಲಾರೂಸ್ ಅರ್ಜಿಗಳನ್ನು ತಡೆಹಿಡಿಯಿತು. ಬ್ರಿಟನ್ 2022ರ ಫೆಬ್ರವರಿಯಲ್ಲಿ ಹೂಡಿಕೆದಾರರ ವೀಸಾವನ್ನೇ ಎಲ್ಲರಿಗೂ ಮುಚ್ಚಿತು.

7 ಪರ್ಸೆಂಟ್ ಮಿತಿ ತೆಗೆಯುವ ಸಾಧ್ಯತೆ ಇದೆಯಾ?

ಪ್ರಯತ್ನ ಆಗಿದೆ. 2019ರ ಜುಲೈನಲ್ಲಿ ಕೆಳಮನೆ ಒಂದು ಮಸೂದೆ ಪಾಸು ಮಾಡಿತು, 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ರೂಪದಲ್ಲಿ ಪಾಸು ಮಾಡಿತು. ಎರಡೂ ಒಂದಾಗಲಿಲ್ಲ. ಅದನ್ನು ನಂಬಿ ಯೋಜನೆ ಹಾಕಬೇಡಿ.

ಕೋರ್ಟ್‌ಗೆ ಹೋದರೆ ಬೇಗ ಆಗುತ್ತಾ?

ಫೈಲ್ ಅತಿಯಾಗಿ ತಡವಾದರೆ ಅಮೆರಿಕದ ಫೆಡರಲ್ ಕೋರ್ಟ್‌ನಲ್ಲಿ ಮ್ಯಾಂಡಮಸ್ ದಾವೆ (ಫೈಲ್ ಇತ್ಯರ್ಥ ಮಾಡಿ ಅಂತ ಇಲಾಖೆಗೆ ಆದೇಶ ಕೊಡಿಸುವ ದಾವೆ) ಹಾಕುವವರಿದ್ದಾರೆ. ಕೆಲವು ಸಲ ಫೈಲ್ ಅಲುಗಾಡುತ್ತದೆ. ನಂಬರ್ ಇಲ್ಲದಿದ್ದರೆ ನ್ಯಾಯಾಧೀಶರು ನಂಬರ್ ಹುಟ್ಟಿಸಲಾರರು.

2026ರ ಸೆಪ್ಟೆಂಬರ್ 30ರೊಳಗೆ ಹಾಕಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಏನದು?

ರೀಜನಲ್ ಸೆಂಟರ್ ಅಂದರೆ ಹಲವರ ಇಬಿ-5 ಹೂಡಿಕೆಯನ್ನು ಒಟ್ಟುಗೂಡಿಸಿ ಪ್ರಾಜೆಕ್ಟ್‌ಗೆ ಹಾಕುವ ಸಂಸ್ಥೆ. ಈ ಯೋಜನೆಗೆ ಈಗಿರುವ ಅನುಮತಿ 2027ರ ಸೆಪ್ಟೆಂಬರ್ 30ರವರೆಗೆ. 2021ರ ಜೂನ್ 30ಕ್ಕೆ ಅದು ಒಮ್ಮೆ ನಿಂತುಹೋಗಿ, ಬಾಕಿ ಅರ್ಜಿಗಳೆಲ್ಲ ನಡುನೀರಲ್ಲಿ ಉಳಿದಿದ್ದವು. ಮತ್ತೆ ಹಾಗಾಗಬಾರದು ಅಂತ 2022ರ ಕಾನೂನಿನಲ್ಲಿ ಒಂದು ಭರವಸೆ ಸೇರಿಸಿದರು: 2026ರ ಸೆಪ್ಟೆಂಬರ್ 30ರೊಳಗೆ ಸಲ್ಲಿಸಿದ ಅರ್ಜಿಗಳನ್ನು, ಯೋಜನೆ ನಿಂತರೂ ನೋಡಲೇಬೇಕು. 2027ರ ಜನವರಿ 1ರಿಂದ ಹೂಡಿಕೆಯ ಕನಿಷ್ಠ ಮೊತ್ತವೂ ಹಣದುಬ್ಬರಕ್ಕೆ ತಕ್ಕಂತೆ ಏರಬೇಕಿದೆ. ಹಾಗಾಗಿ ಆ ದಿನಾಂಕಕ್ಕೆ ಬೆಲೆ ಇದೆ. ಆದರೆ ಆ ಭರವಸೆ ಇರುವುದು ಅರ್ಜಿಯನ್ನು ಪರಿಶೀಲಿಸುವುದಕ್ಕೆ. ಭಾರತದ ಸಾಲಿನಲ್ಲಿ ನಿಮ್ಮ ಜಾಗ ಎಲ್ಲಿದೆಯೋ ಅಲ್ಲೇ ಇರುತ್ತದೆ. ಎಲ್ಲರೂ ಆ ಗಡುವಿಗೆ ಓಡಿದರೆ, ಆ ಸಾಲು ಉದ್ದವಾಗುವುದೂ ಅದರಿಂದಲೇ.